ದಿನನಿತ್ಯದ ಊಟ, ಪಾನೀಯ ಮತ್ತು ಕುಟುಂಬದ ಆರೋಗ್ಯ



ಬೆಂಗಳೂರಿನಿಂದ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ, ಸುಂಕದಕಟ್ಟೆಯನ್ನು ದಾಟಿದ ಮೇಲೆ ಬ್ಯಾಡರಹಳ್ಳಿ ಎಂಬ ಊರು ಎದುರಾಗುತ್ತದೆ. ಹಳ್ಳಿ ಎಂಬುದು ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ನಿವೇಶನಗಳು, ಬಾಡಿಗೆಯ ವಠಾರಗಳು, ಸಣ್ಣ ಕಾರ್ಖಾನೆಗಳು, ಮುಂಜಾನೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳ ಸಾಲು, ಇವೇ ಇಂದಿನ ನೋಟ. ಅಲ್ಲಿಯ ಹಿರಿಯರು ನೆನೆಯುವ ಊರು ಬೇರೆ. ರಾಗಿಯ ಹೊಲ, ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಬದುವಿನ ಮೇಲೆ ತಾನಾಗಿಯೇ ಬೆಳೆದ ಸೊಪ್ಪು. ಹಿತ್ತಿಲಲ್ಲೊಂದು ನುಗ್ಗೆಯ ಮರ, ಒಂದು ಎಮ್ಮೆ, ನಾಲ್ಕು ಕೋಳಿ. ಅಂದಿನವರಿಗೆ ಪೌಷ್ಟಿಕ ಆಹಾರವೆಂಬ ಮಾತು ಗೊತ್ತಿರಲಿಲ್ಲ. ಬರಗಾಲವೂ ಹಸಿವೂ ಮಾತ್ರ ಚೆನ್ನಾಗಿ ಗೊತ್ತಿದ್ದವು. ಆದುದರಿಂದ ಹಿಂದಿನದೆಲ್ಲವೂ ಸುವರ್ಣಕಾಲವೆಂದು ನಾನು ಹೇಳಹೊರಟಿಲ್ಲ. ಹಸಿವು ಹೋದ ಮನೆಗಳಿಗೂ ಮತ್ತೊಂದು ಬಗೆಯ ಕೊರತೆ ಹೇಗೆ ಬಂದು ಸೇರಿಕೊಂಡಿತು ಎಂಬುದನ್ನು ತಮ್ಮೊಡನೆ ವಿಚಾರ ಮಾಡಬೇಕಾಗಿದೆ.

ತಮ್ಮ ಊರು ಈ ರಸ್ತೆಯಲ್ಲಿಯೇ ಇನ್ನೂ ಹತ್ತಿಪ್ಪತ್ತು ಮೈಲಿ ಆಚೆ ಇರಬಹುದು, ಅಥವಾ ಬೇರೆ ಜಿಲ್ಲೆಯಲ್ಲಿರಬಹುದು. ಬಡಾವಣೆ ಬರುವುದಕ್ಕೆ ಬಹಳ ಮೊದಲೇ ಬೇಕರಿಯ ಬನ್ನು, ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ, ಬಣ್ಣದ ಪಾನೀಯದ ಬಾಟಲಿ ಇವು ಪ್ರತಿಯೊಂದು ಹಳ್ಳಿಯ ಅಂಗಡಿಯನ್ನೂ ಮುಟ್ಟಿವೆ. ಹೀಗಾಗಿ ಬ್ಯಾಡರಹಳ್ಳಿಯ ಕಥೆ ತಮ್ಮದೂ ಹೌದು.

ಒಂದೇ ಮನೆಯ ಊಟ, ಎರಡು ಬಗೆಯ ರಕ್ತ

ಕೆಲವು ಕಾಲದ ಹಿಂದೆ ಆ ಭಾಗದ ಒಬ್ಬ ತಾಯಿ ಪರೀಕ್ಷೆಗಾಗಿ ನನ್ನಲ್ಲಿಗೆ ಬಂದಿದ್ದಳು. ಕಂಕುಳಲ್ಲಿ ಹದಿನಾಲ್ಕು ತಿಂಗಳ ಕೂಸು. ಹೊಟ್ಟೆಯಲ್ಲಿ ಐದು ತಿಂಗಳ ಮತ್ತೊಂದು. ಮೆಟ್ಟಿಲು ಹತ್ತಿದರೆ ಏದುಸಿರು, ಬಗ್ಗಿ ಎದ್ದರೆ ಕಣ್ಣು ಕತ್ತಲೆ. ಒಲೆಯ ಬಳಿಯ ಕೆಮ್ಮಣ್ಣನ್ನು ಗುಟ್ಟಾಗಿ ತಿನ್ನುವ ಆಸೆಯಾಗುತ್ತದೆಂದು ಬಹಳ ನಾಚಿಕೆಯಿಂದ ಹೇಳಿದಳು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.4 ಗ್ರಾಂ ಇತ್ತು. ಗರ್ಭಿಣಿಗೆ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆಯೆಂದೂ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆಯೆಂದೂ ಲೆಕ್ಕ. ಆಕೆ ಅಂಚಿನಲ್ಲಿ ನಿಂತಿದ್ದಳು. ಅಂತಹ ದೇಹಕ್ಕೆ ಹೆರಿಗೆಯ ಸಮಯದಲ್ಲಿ ಸಾಮಾನ್ಯವಾಗಿ ಹೋಗುವಷ್ಟು ರಕ್ತ ಹೋದರೂ ಪ್ರಾಣಾಪಾಯ ಉಂಟಾಗಬಹುದು.

ಗಂಡ ಹೊರಗೆ ನಿಂತಿದ್ದನು. ಅವನನ್ನೂ ಕರೆದು ಬೆರಳಿನಿಂದ ಒಂದು ಹನಿ ರಕ್ತ ತೆಗೆಸಿದೆ. ಅವನದು 14. ಒಂದೇ ಮನೆ, ಒಂದೇ ಒಲೆ, ಒಂದೇ ಮಡಕೆಯ ಸಾರು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂದಿತು?

ಭಾಗಶಃ ಅದು ಪ್ರಕೃತಿಯಿಂದ ಬಂದದ್ದು. ತಿಂಗಳ ಮುಟ್ಟು, ಬಸಿರು, ಹೆರಿಗೆ ಇವುಗಳಿಂದ ಹೆಣ್ಣಿನ ದೇಹದ ಕಬ್ಬಿಣಾಂಶ ಖರ್ಚಾಗುತ್ತಲೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು. ಹೆಂಗಸಿಗೆ 29 ಮಿಲಿಗ್ರಾಂ ಬೇಕು. ಆದರೆ ಉಳಿದ ಭಾಗವು ಬಡಿಸುವ ಕ್ರಮದಿಂದ ಬಂದದ್ದು. "ನೀನು ಊಟ ಮಾಡುವುದು ಯಾವಾಗಮ್ಮಾ?" ಎಂದು ಕೇಳಿದೆ. "ಎಲ್ಲರದೂ ಆದ ಮೇಲೆ ಡಾಕ್ಟ್ರಮ್ಮಾ" ಎಂದಳು. "ಆಗ ಏನು ಉಳಿದಿರುತ್ತದೆ?" "ಅನ್ನ ಇರುತ್ತದೆ, ತಿಳಿಸಾರು ಇರುತ್ತದೆ." ಕಾಳು, ಸೊಪ್ಪು, ಭಾನುವಾರದ ಮಾಂಸದ ತುಂಡು ಇವೆಲ್ಲ ಮೇಲಿನ ಸೌಟುಗಳಲ್ಲಿಯೇ ಹೋಗಿಬಿಟ್ಟಿರುತ್ತವೆ. ಹೆಚ್ಚು ಬೇಕಾದವಳಿಗೆ ಕಡಿಮೆ, ಕಡಿಮೆ ಸಾಕಾದವನಿಗೆ ಹೆಚ್ಚು. ಯಾರೂ ಕೆಟ್ಟ ಬುದ್ಧಿಯಿಂದ ಹೀಗೆ ಮಾಡಿದ್ದಲ್ಲ. ಆಕೆಯ ಅತ್ತೆಯೂ ಹಾಗೆಯೇ ಉಂಡವರು, ಅತ್ತೆಯ ಅತ್ತೆಯೂ ಹಾಗೆಯೇ.

ಇದು ಒಂದು ಮನೆಯ ಸಂಗತಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8 ಮಂದಿಗೂ, ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5 ಮಂದಿಗೂ ರಕ್ತಹೀನತೆಯಿತ್ತು. ಅದೇ ಸಮೀಕ್ಷೆಯಲ್ಲಿಯೇ ನೂರರಲ್ಲಿ ಮೂವತ್ತು ಹೆಂಗಸರ ತೂಕ ಇರಬೇಕಾದುದಕ್ಕಿಂತ ಹೆಚ್ಚು ಎಂದೂ ಕಂಡುಬಂದಿತು. ಹೊಟ್ಟೆ ತುಂಬುತ್ತಿದೆ, ಮೈ ತುಂಬುತ್ತಿದೆ, ರಕ್ತ ಮಾತ್ರ ತುಂಬುತ್ತಿಲ್ಲ.

ನನ್ನದೊಂದು ತಪ್ಪನ್ನೂ ಇಲ್ಲಿ ಹೇಳಿಬಿಡುತ್ತೇನೆ. ಆ ದಿನ ಸಾಲು ಉದ್ದವಿತ್ತು. ಮಾತ್ರೆಗಳನ್ನು ಬರೆದುಕೊಟ್ಟು, "ಚೆನ್ನಾಗಿ ಹಣ್ಣು, ಹಾಲು, ಒಳ್ಳೆಯ ಆಹಾರ ತೆಗೆದುಕೊಳ್ಳಬೇಕು" ಎಂದು ಹೇಳಿ ಕಳುಹಿಸಿದೆ. ಒಳ್ಳೆಯ ಆಹಾರವೆಂದರೆ ಏನೆಂಬುದನ್ನು ಬಿಡಿಸಿ ಹೇಳಲಿಲ್ಲ. ಮುಂದಿನ ತಿಂಗಳು ಅವರು ಬಂದಾಗ, ಗಂಡನು ಎರಡು ದಿನದ ಕೂಲಿಯಷ್ಟು ಹಣ ಕೊಟ್ಟು ಚಾಕೊಲೇಟು ಬಣ್ಣದ ಪುಡಿಯ ಒಂದು ಡಬ್ಬವನ್ನೂ, ನಾಲ್ಕು ಸೇಬನ್ನೂ ಕೊಂಡುಕೊಟ್ಟಿದ್ದನೆಂದು ತಿಳಿಯಿತು. ಹೆಂಡತಿಯ ಮೇಲಿನ ಕಾಳಜಿಯಿಂದಲೇ ಕೊಂಡದ್ದು. ಮನೆಯ ಹಿಂದಿನ ನುಗ್ಗೆಯ ಮರದ ಸೊಪ್ಪನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಬಸುರಿಗೆ ಅದು ಉಷ್ಣವೆಂದು ಯಾರೋ ಹೇಳಿದ್ದರಂತೆ. ಆ ದಿನದಿಂದ ನಾನು ಔಷಧ ಬರೆಯುವ ಮೊದಲು, "ನಿನ್ನೆ ಮನೆಯಲ್ಲಿ ಏನು ಅಡಿಗೆ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ರಾಗಿಯ ಗುಣ, ರಾಗಿಯ ಮಿತಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕವನ್ನು ನೋಡಿದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶವಿದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು ಸುಮಾರು 7 ಮಿಲಿಗ್ರಾಂ ಮಾತ್ರ. ನಾರಿನ ಅಂಶ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಕಬ್ಬಿಣಾಂಶ ರಾಗಿಯಲ್ಲಿ 4.6 ಮಿಲಿಗ್ರಾಂ, ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಸಸಾರಜನಕ ಮಾತ್ರ ಎರಡರಲ್ಲಿಯೂ ಹೆಚ್ಚುಕಡಿಮೆ ಸಮ; ಅದಕ್ಕಾಗಿ ಕಾಳುಬೇಳೆಗಳನ್ನೇ ಆಶ್ರಯಿಸಬೇಕು.

ಇಂತಹ ಧಾನ್ಯವು ಹಳೆಯ ಮೈಸೂರು ಸೀಮೆಯ ಒಣ ಹೊಲಗಳಲ್ಲಿ ಬಡವರ ಬೆಳೆಯಾಗಿ ಬಹುಕಾಲ ಉಳಿದಿತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ "ಇಂಡಾಫ್" ತಳಿಗಳನ್ನು ಪಡೆದ ಮೇಲೆ ಇಳುವರಿ ಬಹಳವಾಗಿ ಏರಿತು. ರೈತರು ಅವರನ್ನು ರಾಗಿ ಬ್ರಹ್ಮನೆಂದೇ ಕರೆದರು. ವಿಷಾದದ ಸಂಗತಿಯೆಂದರೆ, ರಾಗಿ ಚೆನ್ನಾಗಿ ಬೆಳೆಯತೊಡಗಿದ ಕಾಲದಲ್ಲಿಯೇ ಅನ್ನ ಉಣ್ಣುವುದು ಅನುಕೂಲಸ್ಥರ ಲಕ್ಷಣವೆಂಬ ಭಾವನೆ ಹಬ್ಬಿತು. ಬೀಗರು ಬಂದರೆ ಮುದ್ದೆ ಬಡಿಸಲು ಸಂಕೋಚಪಡುವ ಮನೆಗಳು ಇಂದಿಗೂ ಇವೆ. ಇತ್ತ ಪಟ್ಟಣದ ದೊಡ್ಡ ಹೋಟೆಲುಗಳು ಅದೇ ಮುದ್ದೆಗೆ ಹೆಚ್ಚಿನ ಬೆಲೆ ಹಾಕಿ ಮಾರುತ್ತಿವೆ!

ಹಾಗೆಂದು ರಾಗಿಯನ್ನು ಸರ್ವರೋಗ ನಿವಾರಕವೆಂದು ತಿಳಿಯಕೂಡದು. ರಾಗಿಯಲ್ಲಿರುವ ಕಬ್ಬಿಣಾಂಶ ಮತ್ತು ಸುಣ್ಣಾಂಶಗಳನ್ನು ಅದರಲ್ಲಿಯೇ ಇರುವ ಕೆಲವು ವಸ್ತುಗಳು ಹಿಡಿದಿಟ್ಟುಕೊಂಡಿರುವುದರಿಂದ ದೇಹಕ್ಕೆ ಪೂರ್ತಿಯಾಗಿ ದಕ್ಕುವುದಿಲ್ಲ. ಮೊಳಕೆ ಕಟ್ಟಿದಾಗ ಮತ್ತು ಅಂಬಲಿಯಂತೆ ಹುಳಿಯಿಸಿದಾಗ ಆ ಹಿಡಿತ ಸಡಿಲವಾಗುತ್ತದೆ. ನಮ್ಮ ಅಜ್ಜಿಯರು ಯಾವ ಪ್ರಯೋಗಶಾಲೆಯೂ ಇಲ್ಲದೆ ಕಂಡುಕೊಂಡಿದ್ದ ವಿಧಾನಗಳಿವು. ಇನ್ನು, ಮುದ್ದೆ ಉಣ್ಣುವವರಿಗೆ ಸಕ್ಕರೆ ಕಾಯಿಲೆ ಬರುವುದೇ ಇಲ್ಲವೆಂಬ ಮಾತು ನಿಜವಲ್ಲ. ರಾಗಿಯೂ ಪಿಷ್ಟವೇ. ದೊಡ್ಡ ದೊಡ್ಡ ಮೂರು ಮುದ್ದೆ ನುಂಗಿ ದಿನವಿಡೀ ಕುಳಿತಿರುವವರ ರಕ್ತದಲ್ಲಿಯೂ ಸಕ್ಕರೆ ಏರುತ್ತದೆ. ಹೊಲದಲ್ಲಿ ದುಡಿದ ತಾತನ ಊಟದ ಅಳತೆ ವಾಹನದ ಮೇಲೆ ತಿರುಗುವ ಮೊಮ್ಮಗನಿಗೆ ಹೊಂದುವುದಿಲ್ಲ.

ಅದೇ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಹೊರಡಿಸಿದ ಆಹಾರ ಮಾರ್ಗದರ್ಶಿಯಲ್ಲಿ ಒಬ್ಬ ವಯಸ್ಕನಿಗೆ ದಿನವೊಂದಕ್ಕೆ ಹೇಳಿರುವ ಪ್ರಮಾಣ ಹೀಗಿದೆ: ಧಾನ್ಯ 250 ಗ್ರಾಂ, ಕಾಳುಬೇಳೆ 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿಲೀಟರು, ಜೊತೆಗೆ ಒಂದು ಹಿಡಿ ಕಡಲೆಕಾಯಿ ಮುಂತಾದ ಎಣ್ಣೆಬೀಜ. ನಮ್ಮ ಬಹುಪಾಲು ತಟ್ಟೆಗಳಲ್ಲಿ ಮೊದಲನೆಯದು ಇದರ ಎರಡರಷ್ಟಿದ್ದು, ಉಳಿದುವು ಅರ್ಧಕ್ಕೂ ಬರುವುದಿಲ್ಲ. ಅಕ್ಕಿಯೇ ಇರಲಿ ರಾಗಿಯೇ ಇರಲಿ, ಅದನ್ನು ಸ್ವಲ್ಪ ತಗ್ಗಿಸಿ ಕಾಳನ್ನೂ ಸೊಪ್ಪನ್ನೂ ಏರಿಸುವುದೇ ಮುಖ್ಯವಾದ ಕೆಲಸ. ಗರ್ಭಿಣಿಯು ಮಾತ್ರ ನಾಲ್ಕನೆಯ ತಿಂಗಳಿನಿಂದ ದಿನಕ್ಕೆ ಸುಮಾರು 350 ಕ್ಯಾಲೊರಿಗಳಷ್ಟು, ಎಂದರೆ ಕಾಳಿನ ಸಾರಿನೊಡನೆ ಇನ್ನೊಂದು ಮುದ್ದೆಯಷ್ಟು, ಹೆಚ್ಚಾಗಿ ಉಣ್ಣಬೇಕು. "ಹೆಚ್ಚು ಉಂಡರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟವಾದೀತು" ಎಂದು ಅವಳ ತುತ್ತನ್ನು ಕಡಿಮೆ ಮಾಡುವುದು ಅಪಾಯಕರ. ಅದರಿಂದ ಹುಟ್ಟುವುದು ಶಕ್ತಿಯಿಲ್ಲದ, ತೂಕ ಕಡಿಮೆಯ ಮಗು.

ಬಸ್ಸಾರಿನ ಜಾಣತನ

ಈ ಸೀಮೆಯ ಅಡಿಗೆಗಳಲ್ಲಿ ವೈದ್ಯಳಾದ ನನಗೆ ಬಹಳ ಮೆಚ್ಚುಗೆಯಾದದ್ದು ಬಸ್ಸಾರು. ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಬೇಯಿಸಿದ ನೀರಿನೊಳಕ್ಕೆ ಇಳಿದ ಜೀವಸತ್ವ ಮತ್ತು ಲವಣಗಳಲ್ಲಿ ಒಂದಿಷ್ಟೂ ಚರಂಡಿಗೆ ಹೋಗುವುದಿಲ್ಲ. ಮಸ್ಸೊಪ್ಪು, ಉಪ್ಸಾರು ಕೂಡ ಇದೇ ಜಾತಿಯವು. ದಂಟಿನ ಸೊಪ್ಪು ಮತ್ತು ನುಗ್ಗೆ ಸೊಪ್ಪುಗಳಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣಾಂಶವೂ, ನಾಲ್ಕು ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣಾಂಶವೂ ಇವೆ. ಹುರುಳಿಕಾಳಿನಲ್ಲಿ ಸಸಾರಜನಕವೇ ಐದನೆಯ ಒಂದು ಭಾಗಕ್ಕಿಂತ ಹೆಚ್ಚು, ಕಬ್ಬಿಣಾಂಶವೂ ಧಾರಾಳ. ಮಾರ್ಗಶಿರ ಪುಷ್ಯಗಳಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಮನೆಮಂದಿಯೆಲ್ಲ ಕುಳಿತು ಸುಲಿಯುವ ಸಂಭ್ರಮವನ್ನು ನಾನು ಹೇಳಬೇಕಾಗಿಲ್ಲ.

ಸೊಪ್ಪು ಮತ್ತು ಕಾಳಿನ ಕಬ್ಬಿಣಾಂಶ ರಕ್ತಕ್ಕೆ ಸೇರಬೇಕಾದರೆ ಅದೇ ಊಟದಲ್ಲಿ ಹುಳಿಯ ಅಂಶ, ಅಂದರೆ ಸಿ ಜೀವಸತ್ವವಿರಬೇಕು. ಸಾರನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣಿನ ರಸ ಹಿಂಡಿರಿ. ಕುದಿಯುವಾಗ ಹಿಂಡಿದರೆ ಅದು ನಾಶವಾಗುತ್ತದೆ. ಊಟದ ಜೊತೆಗೆ ಒಂದು ನೆಲ್ಲಿಕಾಯಿ, ಇಲ್ಲವೇ ಒಂದು ಸೀಬೆಹಣ್ಣು. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಮಿಕ್ಕಿ ಸಿ ಜೀವಸತ್ವವಿದೆ. ರೋಗಿಯನ್ನು ನೋಡಲು ಹೋಗುವಾಗ ನಾವು ಕೊಂಡೊಯ್ಯುವ ಸೇಬಿನಲ್ಲಿ ಅದು ಬಹು ಅಲ್ಪ. ಬೆಲೆಯನ್ನು ನೋಡಿ ಹಣ್ಣಿನ ಯೋಗ್ಯತೆಯನ್ನು ಅಳೆಯುವುದು ನಮ್ಮ ಕಾಲದ ಒಂದು ದೊಡ್ಡ ಭ್ರಮೆ.

ನಗರದ ಸಮೀಪದಲ್ಲಿರುವವರಿಗೆ ಒಂದು ಎಚ್ಚರಿಕೆಯ ಮಾತು. ವೃಷಭಾವತಿಯಂತಹ ಹೊಳೆಗಳು ಈಗ ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಹರಿಯುತ್ತಿವೆ. ಆ ನೀರು ಹಾಯಿಸಿ ಬೆಳೆದ ಸೊಪ್ಪು ಎಷ್ಟು ಹಸಿರಾಗಿದ್ದರೂ ಬೇಡ. ತೊಳೆದರೆ ಕ್ರಿಮಿಗಳು ಹೋಗಬಹುದು, ಒಳಗೆ ಸೇರಿದ ಲೋಹಾಂಶ ಹೋಗುವುದಿಲ್ಲ. ಸ್ನಾನದ ಮನೆಯ ಪಕ್ಕದಲ್ಲಿ ಎರಡು ಗಜ ಜಾಗವಿದ್ದರೂ ದಂಟು, ಮೆಂತ್ಯ ಹಾಕಿಕೊಳ್ಳಬಹುದು. ನುಗ್ಗೆಯ ಕೊಂಬೆಯೊಂದನ್ನು ಮಳೆಗಾಲದ ಮೊದಲಿಗೆ ನೆಟ್ಟರೆ ಹೆಚ್ಚಿನ ಆರೈಕೆ ಬೇಡದೆ ಚಿಗುರುತ್ತದೆ.

ಟೀ, ಬಾಟಲಿ ಮತ್ತು ಡಬ್ಬ

ಬೆಳಿಗ್ಗೆ ಎದ್ದೊಡನೆ ಟೀ, ಊಟವಾದೊಡನೆ ಟೀ, ಸಂಜೆ ಟೀ, ನೆಂಟರು ಬಂದರೆ ಮತ್ತೆ ಟೀ. ಒಂದು ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟಕ್ಕೆ ಸುಮಾರು 40 ಗ್ರಾಂ ಸಕ್ಕರೆಯಾಯಿತು. ಇಡೀ ದಿನಕ್ಕೆ 25 ಗ್ರಾಂ ಮೀರಬಾರದೆಂದು ತಜ್ಞರ ಅಭಿಮತ. ಬೆಲ್ಲ ಹಾಕಿದರೆ ದೋಷವಿಲ್ಲವೆಂದು ಹಲವರು ನಂಬಿದ್ದಾರೆ; ದೇಹದೊಳಗೆ ಹೋದ ಮೇಲೆ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂತಹ ಭೇದವಿಲ್ಲ.

ಟೀ ಕಾಫಿಗಳನ್ನು ಪೂರ್ತಿ ಬಿಡಿರೆಂದು ನಾನು ಹೇಳುವುದಿಲ್ಲ, ನಾನೇ ಬಿಟ್ಟಿಲ್ಲ. ಊಟಕ್ಕೆ ಮುಂಚೆ ಒಂದು ಗಂಟೆ, ಊಟದ ನಂತರ ಒಂದು ಗಂಟೆ ಅವನ್ನು ಮುಟ್ಟದಿದ್ದರೆ ಸಾಕು. ಟೀಯಲ್ಲಿರುವ ಒಗರಿನ ಅಂಶವು ಊಟದ ಕಬ್ಬಿಣಾಂಶವನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮೇಲೆ ಹೇಳಿದ ತಾಯಿಯು ಆಸ್ಪತ್ರೆಯ ಕಬ್ಬಿಣಾಂಶದ ಮಾತ್ರೆಯನ್ನು ಶ್ರದ್ಧೆಯಿಂದ ನುಂಗುತ್ತಿದ್ದಳು, ಆದರೆ ಟೀಯೊಡನೆ ನುಂಗುತ್ತಿದ್ದಳು! ಮಾತ್ರೆಯ ಫಲ ಬಹುಪಾಲು ಲೋಟದಲ್ಲಿಯೇ ಉಳಿಯಿತು. ಅದನ್ನು ನೀರು ಅಥವಾ ನಿಂಬೆ ಪಾನಕದೊಡನೆ ನುಂಗಬೇಕು. ಹಾಲಿನೊಡನೆಯೂ, ಸುಣ್ಣಾಂಶದ ಮಾತ್ರೆಯೊಡನೆಯೂ ಕೂಡದು. ಮಲ ಕಪ್ಪಗಾದರೆ ಹೆದರಬೇಕಾಗಿಲ್ಲ.

ತಂಪು ಪಾನೀಯಗಳ ವಿಚಾರ ಬೇಗ ಮುಗಿಯುತ್ತದೆ. 300 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಒಂದಿಷ್ಟು ಬಣ್ಣ, ಒಂದಿಷ್ಟು ಗಾಳಿ. ಇವಲ್ಲದೆ ದೇಹಕ್ಕೆ ಉಪಯೋಗವಾಗುವ ಬೇರೇನೂ ಇಲ್ಲ. ನೀರು ಮಜ್ಜಿಗೆ, ರಾಗಿ ಅಂಬಲಿ, ಎಳನೀರು, ಪಾನಕ ಇವು ಇರುವ ನಾಡಿನಲ್ಲಿ ಅದನ್ನು ಹಣ ಕೊಟ್ಟು ಕುಡಿಯುವುದೇಕೆ?

ಡಬ್ಬದ ಪುಡಿಯ ಬಗೆಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಮಕ್ಕಳು ಎತ್ತರವಾಗುವರು, ಚುರುಕಾಗುವರು ಎಂಬ ಜಾಹೀರಾತನ್ನು ನಂಬಿ ತಾಯಂದಿರು ಅದನ್ನು ಕೊಳ್ಳುತ್ತಾರೆ. ನಮ್ಮ ದೇಶದ 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ "ಆರೋಗ್ಯ ಪಾನೀಯ" ಎಂಬ ವರ್ಗವೇ ಇಲ್ಲ. ಈ ಕಾರಣದಿಂದಲೇ 2024ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು, ಇಂತಹ ಪುಡಿ ಪಾನೀಯಗಳನ್ನು ಆ ಹೆಸರಿನಡಿ ಮಾರಬಾರದೆಂದು ಆನ್‌ಲೈನ್ ಮಾರಾಟಗಾರರಿಗೆ ಸೂಚನೆ ನೀಡಿತು. ಡಬ್ಬದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಸಕ್ಕರೆಯ ಪ್ರಮಾಣವನ್ನು ಬರೆದಿರುತ್ತಾರೆ. ಓದಲು ಬರುವ ಮಕ್ಕಳಿಂದ ಅದನ್ನು ಒಮ್ಮೆ ಓದಿಸಿ ಕೇಳಿರಿ. ರಾಗಿ ಹುರಿಹಿಟ್ಟು ಮನೆಯಲ್ಲಿಯೇ ಆಗುವ ವಸ್ತು. ಸರ್ಕಾರಿ ಶಾಲೆಗಳಲ್ಲಿ 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಿಗೆ 2024ರಲ್ಲಿ ರಾಗಿ ಮಾಲ್ಟನ್ನು ಸೇರಿಸಿದ್ದು ಇದೇ ವಿಚಾರದಿಂದ.

ಮಗುವಿನ ಬಟ್ಟಲು

ಆ ಹದಿನಾಲ್ಕು ತಿಂಗಳ ಕೂಸಿನ ವಿಚಾರಕ್ಕೆ ಬರುತ್ತೇನೆ. ಅದರ ಊಟ: ಬೆಳಿಗ್ಗೆ ಟೀಯಲ್ಲಿ ಅದ್ದಿದ ಬನ್ನು, ಮಧ್ಯಾಹ್ನ ತಿಳಿಸಾರಿನ ಅನ್ನ, ನಡುವೆ ಅತ್ತಾಗಲೆಲ್ಲ ಬಿಸ್ಕತ್ತು. ತಾಯಿ ಮತ್ತೆ ಬಸುರಾದಳೆಂದು ಎದೆಹಾಲನ್ನು ಬಿಡಿಸಿದ್ದರು. ಕೂಸು ಅಳುತ್ತಿರಲಿಲ್ಲ, ಆಡುತ್ತಲೂ ಇರಲಿಲ್ಲ, ಸುಮ್ಮನೆ ಕುಳಿತಿತ್ತು. "ಬಹಳ ಸಾಧು ಮಗು" ಎಂದು ತಂದೆ ಹೆಮ್ಮೆಯಿಂದ ಹೇಳಿದನು. ಅಂತಹ ಸಾಧುತನವನ್ನು ಕಂಡರೆ ವೈದ್ಯರಿಗೆ ಭಯವಾಗುತ್ತದೆ.

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ನೀರೂ ಬೇಡ, ಜೇನೂ ಬೇಡ. ಆರು ತುಂಬಿದೊಡನೆ ಮೇಲಿನ ಆಹಾರವನ್ನು ತಪ್ಪದೆ ಆರಂಭಿಸಿ, ಎರಡು ವರ್ಷದವರೆಗೂ ಎದೆಹಾಲನ್ನು ಮುಂದುವರಿಸಬೇಕು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ ಜರಡಿ ಹಿಡಿಯಿರಿ. ನಾಲ್ಕು ಪಾಲು ಈ ಹಿಟ್ಟಿಗೆ ಒಂದು ಪಾಲು ಹುರಿದ ಹೆಸರುಬೇಳೆಯ ಹಿಟ್ಟನ್ನು ಬೆರೆಸಿಟ್ಟುಕೊಂಡರೆ ಹದಿನೈದು ದಿನಕ್ಕೆ ಸರಿಯ ಹಿಟ್ಟಾಯಿತು. ಬೇಯಿಸಿದ ಸರಿಗೆ ಅರ್ಧ ಚಮಚ ತುಪ್ಪವನ್ನೋ ಎಣ್ಣೆಯನ್ನೋ ಹಾಕಬೇಕು. ಸರಿಯು ಚಮಚದಿಂದ ಸುರಿಯುವಷ್ಟು ತೆಳ್ಳಗಿರಬಾರದು, ನಿಲ್ಲುವಷ್ಟು ಗಟ್ಟಿಯಾಗಿರಬೇಕು. ತೆಳ್ಳಗೆ ಮಾಡಿದರೆ ಕೂಸಿನ ಸಣ್ಣ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ಮೊದಲ ಎರಡು ತಿಂಗಳು ದಿನಕ್ಕೆ ಎರಡು ಮೂರು ಸಲ, ಒಂಬತ್ತನೆಯ ತಿಂಗಳಿನಿಂದ ಮೂರು ನಾಲ್ಕು ಸಲ ಕೊಡಬೇಕು. ಮೊಟ್ಟೆ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಹಿಸುಕಿದ ಬಾಳೆಹಣ್ಣು, ನುಣ್ಣಗೆ ಮಸೆದ ಸೊಪ್ಪುಬೇಳೆ ಎಲ್ಲವೂ ಆಗಬಹುದು. ಎರಡು ವರ್ಷದವರೆಗೆ ಸಕ್ಕರೆಯನ್ನು ಬೆರೆಸಬೇಡಿರಿ. ಟೀಯಂತೂ ಮಗುವಿನ ಆಹಾರವೇ ಅಲ್ಲ.

ದೊಡ್ಡ ಮಕ್ಕಳ ವಿಚಾರದಲ್ಲಿ ಒಂದು ಲೆಕ್ಕ ಹಾಕೋಣ. ಇಬ್ಬರು ಮಕ್ಕಳಿಗೆ ದಿನಕ್ಕೊಂದರಂತೆ ಹತ್ತು ರೂಪಾಯಿಯ ಪೊಟ್ಟಣ ಕೊಡಿಸಿದರೆ ತಿಂಗಳಿಗೆ 600 ರೂಪಾಯಿಯಾಯಿತು. ಮೊಟ್ಟೆಯೊಂದಕ್ಕೆ ಏಳು ರೂಪಾಯಿ ಎಂದಿಟ್ಟುಕೊಂಡರೂ ಆ ಹಣಕ್ಕೆ 85 ಮೊಟ್ಟೆ ಬರುತ್ತವೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಸಸಾರಜನಕವಿದೆ. ಪೊಟ್ಟಣದಲ್ಲಿರುವುದು ಎಣ್ಣೆ, ಉಪ್ಪು, ಪಿಷ್ಟ. ಮೊಟ್ಟೆ ತಿನ್ನದವರು ಆ ಹಣಕ್ಕೆ ಕಡಲೆಕಾಯಿ, ಹುರಿಗಡಲೆ, ಹೆಸರುಕಾಳುಗಳನ್ನು ಚೀಲದಲ್ಲಿ ಹೊತ್ತು ತರಬಹುದು.

ಜಾತ್ರೆ ಸಂತೆಗಳಲ್ಲಿ ಸಿಕ್ಕುವ ಬಣ್ಣದ ತಿಂಡಿಗಳ ಬಗೆಗೂ ಎಚ್ಚರವಿರಲಿ. 2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಬಣ್ಣವಿತ್ತು. ಮಿಠಾಯಿಯ ಬಣ್ಣದಲ್ಲಿ ಸಿಕ್ಕ ರೋಡಮಿನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂದಿತು. ಸರ್ಕಾರದ ಆಜ್ಞೆ ಎಲ್ಲ ಗಾಡಿಗಳನ್ನೂ ಕಾಯಲಾರದು. ಕೆಂಪಗೆ ಹೊಳೆಯುವುದನ್ನು ಬೇಡವೆನ್ನುವುದು ತಮ್ಮ ಕೈಯಲ್ಲಿದೆ.

ಅಡಿಗೆಮನೆಯ ಇನ್ನಷ್ಟು ಸಂಗತಿ

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಸಾಕು. ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ. ತಮ್ಮ ಮನೆಯ ಒಂದು ಕಿಲೋ ಪೊಟ್ಟಣ ಎಷ್ಟು ದಿನಕ್ಕೆ ಮುಗಿಯುವುದೆಂದು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿರಿ; ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳದ್ದು ಬೇರೆ. ಅಯೋಡಿನ್ ಬೆರೆಸಿದ ಉಪ್ಪನ್ನೇ ಕೊಳ್ಳಬೇಕು, ಮುಚ್ಚಿದ ಡಬ್ಬದಲ್ಲಿಡಬೇಕು. ಎಣ್ಣೆ ನಾಲ್ವರಿಗೆ ತಿಂಗಳಿಗೆ ಮೂರೂವರೆ ಲೀಟರಿಗೆ ಮೀರದಿರಲಿ. ಹಬ್ಬದಲ್ಲಿ ಕರಿದು ಮಿಕ್ಕ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು.

ಅಕ್ಕಿಯನ್ನು ನಾಲ್ಕೈದು ಸಲ ಉಜ್ಜಿ ತೊಳೆದು, ಗಂಜಿ ಬಸಿದು ಚೆಲ್ಲುವ ಪದ್ಧತಿಯನ್ನು ಬಿಡುವುದು ಒಳ್ಳೆಯದು. ಪಡಿತರದ ಅಕ್ಕಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವವನ್ನು ಸೇರಿಸಿದ ಕಾಳುಗಳನ್ನು ಬೆರೆಸಿ ಹಂಚಿದಾಗ, ನೀರಿನಲ್ಲಿ ತೇಲುತ್ತವೆಂಬ ಕಾರಣಕ್ಕೆ "ಪ್ಲಾಸ್ಟಿಕ್ ಅಕ್ಕಿ" ಎಂದು ಅನೇಕರು ಆರಿಸಿ ಬಿಸಾಡಿದರು. ಔಷಧವನ್ನೇ ಆರಿಸಿ ಚೆಲ್ಲಿದಂತಾಯಿತು.

ಕುಡಿಯುವ ನೀರು ಯಾವ ಮೂಲದ್ದೇ ಆಗಿರಲಿ, ಅನುಮಾನವಿದ್ದರೆ ಕುದಿಸಿ ಆರಿಸಿ ಮುಚ್ಚಿಡಿರಿ. ಶುದ್ಧ ನೀರಿನ ಘಟಕದಿಂದ ತಂದ ನೀರು ಕೂಡ ಕ್ಯಾನು ಕೊಳಕಾಗಿದ್ದರೆ ಮನೆಗೆ ಬರುವಾಗಲೇ ಕೆಟ್ಟಿರುತ್ತದೆ. ಮಗುವಿಗೆ ಭೇದಿಯಾದಾಗ ನೀರನ್ನು ನಿಲ್ಲಿಸುವುದು ದೊಡ್ಡ ಅಪಾಯ. ಓ.ಆರ್.ಎಸ್. ಪೊಟ್ಟಣವು ಆಶಾ ಕಾರ್ಯಕರ್ತೆಯ ಬಳಿ ಸಿಕ್ಕುತ್ತದೆ. ಅದು ಕೈಗೆ ಬರುವವರೆಗೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿರಿ.

ಬಾಣಂತಿಗೆ ನೀರು ಕೊಟ್ಟರೆ ಶೀತ, ಸೊಪ್ಪು ಕೊಟ್ಟರೆ ಕೂಸಿಗೆ ಭೇದಿ ಎಂದು ಮೆಣಸಿನ ಸಾರು ಅನ್ನದ ಮೇಲೆಯೇ ಇಡುವ ಮನೆಗಳಿವೆ. ಬಿಸಿನೀರಿನ ಸ್ನಾನ, ವಿಶ್ರಾಂತಿ, ಬೆಚ್ಚಗಿನ ಕೋಣೆ ಇವೆಲ್ಲ ಬಾಣಂತನದ ಒಳ್ಳೆಯ ಪದ್ಧತಿಗಳು. ನೀರಿಗೂ ಸೊಪ್ಪಿಗೂ ಹಾಕಿದ ನಿಷೇಧ ಮಾತ್ರ ಕೆಟ್ಟದ್ದು. ಎದೆಹಾಲಿನ ಬಹುಭಾಗ ನೀರೇ ಅಲ್ಲವೇ?

ಗಂಡಂದಿರೊಡನೆ ಎರಡು ಮಾತು

ಅಂಗಡಿಗೆ ಹೋಗುವವರು ಅನೇಕ ಮನೆಗಳಲ್ಲಿ ತಾವೇ. ಏನು ತರಬೇಕೆಂಬ ನಿರ್ಧಾರವೂ ತಮ್ಮದೇ. ಆದುದರಿಂದ ಊಟದ ಜವಾಬ್ದಾರಿ ಹೆಂಗಸರದು ಎಂದು ಕೈ ತೊಳೆದುಕೊಳ್ಳುವಂತಿಲ್ಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಶನಿವಾರದ ಬಟವಾಡೆಯಲ್ಲಿ ಪಾನಕ್ಕೆ ಹೋಗುವ ಪಾಲನ್ನು ಕಾಳು ಮತ್ತು ಹಾಲಿನ ಲೆಕ್ಕದಲ್ಲಿ ಬರೆದು ನೋಡಿರಿ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಸಾಧ್ಯವಾಗದಿದ್ದರೆ, ಬಡಿಸುವ ಮೊದಲೇ ಹೆಂಡತಿಯ ಪಾಲಿನ ಕಾಳು ಸೊಪ್ಪುಗಳನ್ನು ಬೇರೆ ಬಟ್ಟಲಿಗೆ ತೆಗೆದಿರಿಸುವಂತೆ ಮಾಡಿರಿ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಇನ್ನೊಂದು ವಿಚಾರ. ಹೆರಿಗೆಯಲ್ಲಿ ಕಳೆದ ರಕ್ತ, ಎದೆಹಾಲಿನಲ್ಲಿ ಹೋದ ಸುಣ್ಣಾಂಶ ಮತ್ತೆ ತುಂಬಿಕೊಳ್ಳುವುದಕ್ಕೆ ಹೆಣ್ಣಿನ ದೇಹಕ್ಕೆ ಕಾಲ ಬೇಕು. ಒಂದು ಮಗುವಿಗೂ ಮತ್ತೊಂದಕ್ಕೂ ಕಡೆಯಪಕ್ಷ ಮೂರು ವರ್ಷ ಅಂತರವಿರಬೇಕೆಂದು ಇಲಾಖೆ ಹೇಳುವುದು ಈ ಕಾರಣದಿಂದಲೂ ಹೌದು. ಎಷ್ಟೇ ಒಳ್ಳೆಯ ಊಟವಿದ್ದರೂ ವರ್ಷಕ್ಕೊಂದು ಬಸಿರನ್ನು ಅದು ತುಂಬಿಕೊಡಲಾರದು.

ಆ ತಾಯಿಯ ಸಂಗತಿ ಹೇಳುವುದು ಉಳಿಯಿತು. ಜಂತುಹುಳುವಿನ ಔಷಧವನ್ನೂ, ದಿನಕ್ಕೆ ಎರಡರಂತೆ ಕಬ್ಬಿಣಾಂಶದ ಮಾತ್ರೆಯನ್ನೂ ಈ ಸಲ ನಿಂಬೆ ಪಾನಕದೊಡನೆ ಕೊಟ್ಟೆವು. ಅಂಗನವಾಡಿಯಲ್ಲಿ, 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟಕ್ಕೆ ಹೆಸರು ಬರೆಸಿದಳು. ನುಗ್ಗೆ ಸೊಪ್ಪಿನ ಮೇಲಿನ ಭಯ ಹೋಗಲು ಅವಳ ಅತ್ತೆಯವರನ್ನೇ ಒಮ್ಮೆ ಕರೆಸಿ ಮಾತನಾಡಬೇಕಾಯಿತು. ಅವರದೂ ರಕ್ತ ಪರೀಕ್ಷೆ ಮಾಡಿದೆವು, ಅದೂ ಒಂಬತ್ತೇ. ಆ ಚೀಟಿಯನ್ನು ಅವರು ಬಹಳ ಹೊತ್ತು ಕೈಯಲ್ಲಿ ಹಿಡಿದು ಕುಳಿತಿದ್ದರು. ಒಂಬತ್ತನೆಯ ತಿಂಗಳಿನಲ್ಲಿ ಸೊಸೆಯ ಹಿಮೋಗ್ಲೋಬಿನ್ 10.2ಕ್ಕೆ ಬಂದಿತ್ತು. ಹನ್ನೊಂದಾಗಲಿಲ್ಲ, ಆದರೆ ಆಸ್ಪತ್ರೆಯಲ್ಲಿ ಹೆರಿಗೆ ಸುಗಮವಾಯಿತು. ಹೆರಿಗೆಯ ನಂತರ ಆಕೆ ಕಾಪರ್-ಟಿ ಹಾಕಿಸಿಕೊಂಡಳು. ಮಾತ್ರೆಯನ್ನು ಇನ್ನೂ 180 ದಿನ ನುಂಗಬೇಕಾಗಿದೆ. ಅತ್ತೆಯವರೂ ಜೊತೆಯಲ್ಲಿ ನುಂಗುತ್ತಿದ್ದಾರೆ.

ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಉಚಿತ. ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸುವ ವಿಶೇಷ ವ್ಯವಸ್ಥೆ ಪ್ರತಿ ತಿಂಗಳು 9ನೆಯ ತಾರೀಖಿನಂದು ಇರುತ್ತದೆ. ದಂಪತಿಗಳು ಇಬ್ಬರೂ ಬನ್ನಿರಿ. ಮನೆಯಲ್ಲಿ ಅತ್ತೆಯವರಿದ್ದರೆ ಅವರನ್ನೂ ಕರೆತನ್ನಿರಿ. ಹಿಂದಿನ ದಿನ ಮನೆಯಲ್ಲಿ ಏನು ಅಡಿಗೆಯಾಗಿತ್ತು, ಯಾರು ಎಷ್ಟು ಉಂಡರು ಎಂಬುದನ್ನು ನೆನಪಿಟ್ಟುಕೊಂಡು ಬಂದರೆ ನಮ್ಮ ಕೆಲಸ ಅರ್ಧ ಸುಲಭವಾಗುತ್ತದೆ.